ಎರಡು ಸ್ಟಾರ್ ಹುಡುಗನನ್ನು ಆಗಸ್ಟ್‌ನಲ್ಲೇ ಗುರುತಿಸುವುದು ಹೇಗೆ? ಕಾಲೇಜ್ ಫುಟ್‌ಬಾಲ್ ಕ್ಯಾಂಪ್ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎನ್ನುವುದು ನಮ್ಮ ಗಾದೆ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಅದನ್ನು ನಂಬಿ ಕೈ ಸುಟ್ಟುಕೊಂಡ ಕೋಚ್‌ಗಳು ಬೇಕಾದಷ್ಟಿದ್ದಾರೆ. ಜೆ.ಜೆ. ವಾಟ್ ಅನ್ನೋ ಹುಡುಗ ಹೈಸ್ಕೂಲ್ ಮುಗಿಸಿದಾಗ ಅವನಿಗಿದ್ದದ್ದು ಐದಕ್ಕೆ ಎರಡೇ ಸ್ಟಾರ್, ಅಂದರೆ ಹೈಸ್ಕೂಲ್ ಆಟಗಾರರಿಗೆ ಕ್ರೀಡಾ ವೆಬ್‌ಸೈಟ್‌ಗಳು ಕೊಡುವ ಅಂಕ. ಸೆಂಟ್ರಲ್ ಮಿಷಿಗನ್ ಯೂನಿವರ್ಸಿಟಿಯಲ್ಲಿ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಸ್ಥಾನ) ಆಗಿ ಒಂದು ವರ್ಷ ಆಡಿದ. ಆಮೇಲೆ ಅದನ್ನು ಬಿಟ್ಟು, ಮನೆಮನೆಗೆ ಪಿಜ್ಜಾ ತಲುಪಿಸಿಕೊಂಡಿದ್ದು, ಸ್ಕಾಲರ್‌ಶಿಪ್ ಇಲ್ಲದೆ ವಿಸ್ಕಾನ್ಸಿನ್ ತಂಡ ಸೇರಿದ. ಅಲ್ಲಿ ಅವನನ್ನು ಡಿಫೆನ್ಸ್‌ಗೆ ಹಾಕಿದರು. 2011ರಲ್ಲಿ ಎನ್ಎಫ್ಎಲ್ ಅನ್ನುವ ವೃತ್ತಿಪರ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, 11ನೆಯವನಾಗಿ ಆಯ್ಕೆಯಾದ. ಮುಂದೆ ಮೂರು ಸಲ ಇಡೀ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರ ಅನ್ನಿಸಿಕೊಂಡ.

ಮೊಳಕೆ ಇತ್ತು. ನೋಡಿದವರು ಕಡಿಮೆ.

ಇಲ್ಲಿ ಹೇಳುತ್ತಿರುವುದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಬಗ್ಗೆ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟದ ಬಗ್ಗೆ. ಓದಿಗೋ ಕೆಲಸಕ್ಕೋ ಅಮೆರಿಕದ ಯೂನಿವರ್ಸಿಟಿ ಊರಿಗೆ ಬಂದ ಕನ್ನಡಿಗರು ಇದನ್ನು ಮೊದಲು ನೋಡುವುದು ಶನಿವಾರ ಬೆಳಗ್ಗೆ, ಇಡೀ ಊರು ಒಂದೇ ಬಣ್ಣದ ಅಂಗಿ ತೊಟ್ಟು ರಸ್ತೆಗೆ ಇಳಿದಾಗ. ಎರಡು ಸೀಸನ್ ಕಳೆಯುವಷ್ಟರಲ್ಲಿ ನಿಯಮ ಅರ್ಥವಾಗುತ್ತದೆ. ಆದರೆ ಆಟದ ನಿಜವಾದ ರುಚಿ ಇರುವುದು ಪಂದ್ಯಗಳು ಶುರುವಾಗುವ ಮೊದಲಿನ ನಾಲ್ಕು ವಾರಗಳಲ್ಲಿ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ಕ್ಯಾಂಪ್‌ನಲ್ಲಿ. ಯಾರು ಬೆಳೆದಿದ್ದಾನೆ, ಯಾರು ನಿಂತಲ್ಲೇ ನಿಂತಿದ್ದಾನೆ, ಯಾರನ್ನು ಎಲ್ಲರೂ ಮರೆತಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಾನು ವಿಸ್ಕಾನ್ಸಿನ್ ಕಡೆಯವನು. ಉದಾಹರಣೆಗಳು ಆ ಕಡೆ ಸ್ವಲ್ಪ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಹಂತ 1: ಜುಲೈನಲ್ಲೇ ಒಂದು ನೋಟ್‌ಬುಕ್ ಮಾಡಿ

ಒಂದೇ ತಂಡ ಆರಿಸಿಕೊಳ್ಳಿ. ಹತ್ತು ತಂಡ ನೋಡುತ್ತೇನೆ ಅಂತ ಹೊರಟರೆ ಒಂದೂ ಸಿಗುವುದಿಲ್ಲ. ಆ ತಂಡದ ವೆಬ್‌ಸೈಟ್‌ನಿಂದ ಈ ವರ್ಷದ ರೋಸ್ಟರ್ (ಆಟಗಾರರ ಪಟ್ಟಿ) ತೆಗೆದುಕೊಳ್ಳಿ. ಹೋದ ವರ್ಷದ್ದನ್ನೂ ಹುಡುಕಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಪ್ರತಿ ಹುಡುಗನ ಮುಂದೆ ಐದು ವಿಷಯ ಬರೆಯಿರಿ: ಹೋದ ವರ್ಷದ ತೂಕ, ಈ ವರ್ಷದ ತೂಕ, ಸ್ಥಾನ ಬದಲಾಗಿದೆಯೇ, ಕಾಲೇಜಿಗೆ ಬಂದು ಎಷ್ಟು ವರ್ಷವಾಯಿತು, ಹೋದ ಸೀಸನ್ ಎಷ್ಟು ಪಂದ್ಯ ಆಡಿದ.

ಹೋಲಿಕೆ ಮಾಡಬೇಕಾದ್ದು ಪಕ್ಕದವನ ಜೊತೆ ಅಲ್ಲ, ಹೋದ ವರ್ಷದ ಅವನ ಜೊತೆಗೇ. ಇದೊಂದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ.

ರೋಸ್ಟರ್‌ನಲ್ಲಿ ಬರೆದಿರುವ ಎತ್ತರವನ್ನು ಪೂರ್ತಿ ನಂಬಬೇಡಿ. ಹೆಣ್ಣು ನೋಡಲು ಬಂದಾಗ ಹುಡುಗನ ಎತ್ತರ, ಸಂಬಳ ಎರಡೂ ಸ್ವಲ್ಪ ಜಾಸ್ತಿ ಆಗುತ್ತದಲ್ವಾ, ಹಾಗೇ ಇದೂ. ತೂಕ ಅಷ್ಟು ಮೋಸ ಮಾಡುವುದಿಲ್ಲ. ಲೈನ್‌ನಲ್ಲಿ (ಎದುರಾಳಿಗೆ ಮುಖಾಮುಖಿ ನಿಲ್ಲುವ ಮುಂದಿನ ಸಾಲಿನಲ್ಲಿ) ಆಡುವ ಹುಡುಗ 245 ಪೌಂಡ್‌ನಲ್ಲಿ (ಸುಮಾರು 111 ಕೆಜಿ) ಬಂದು, ಎರಡನೇ ವರ್ಷ 265, ಮೂರನೇ ವರ್ಷ 285 ಅಂತ ಏರಿದ್ದರೆ ಅವನ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಒಂದೇ ವರ್ಷದಲ್ಲಿ 45 ಪೌಂಡ್ ಏರಿದ್ದರೆ ಪ್ರಶ್ನೆ ಚಿಹ್ನೆ ಹಾಕಿ. ಅದು ಮಾಂಸಖಂಡವೋ ಬರೀ ಕೊಬ್ಬೋ ಅನ್ನುವುದು ಮೈದಾನದಲ್ಲಿ ಅವನ ಕಾಲು ನೋಡಿದರೆ ಗೊತ್ತಾಗುತ್ತದೆ.

ಹಂತ 2: ಸ್ಟಾರ್ ಅಂದರೇನು ಅಂತ ಅರ್ಥ ಮಾಡಿಕೊಳ್ಳಿ, ಆಮೇಲೆ ಬದಿಗಿಡಿ

247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನಂಥ ಕ್ರೀಡಾ ವೆಬ್‌ಸೈಟ್‌ಗಳು ಹೈಸ್ಕೂಲ್ ಹುಡುಗರಿಗೆ ಸ್ಟಾರ್ ಕೊಡುತ್ತವೆ. ಐದು ಸ್ಟಾರ್ ಸಿಗುವುದು ವರ್ಷಕ್ಕೆ ಕೆಲವೇ ಹುಡುಗರಿಗೆ.

ಸ್ಟಾರ್‌ಗಳು ಸುಳ್ಳು ಎಂದು ಹೇಳುವವರನ್ನು ನಂಬಬೇಡಿ. ಗುಂಪಾಗಿ ನೋಡಿದರೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ಚಾಂಪಿಯನ್ ಆದ ತಂಡಗಳೆಲ್ಲ ಅರ್ಧಕ್ಕಿಂತ ಜಾಸ್ತಿ ನಾಲ್ಕು-ಐದು ಸ್ಟಾರ್ ಹುಡುಗರನ್ನು ಸೇರಿಸಿಕೊಂಡವೇ. 2025ರ ಸೀಸನ್‌ನಲ್ಲಿ ಇಂಡಿಯಾನಾ ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಅದರ ಕಥೆ ಮುಂದೆ ಬರುತ್ತದೆ.

ತೊಂದರೆ ಇರುವುದು ಒಬ್ಬೊಬ್ಬನನ್ನು ನೋಡುವಾಗ. ಸ್ಟಾರ್ ಅಳೆಯುವುದು ಹದಿನೇಳು ವರ್ಷದ ಮೈಯನ್ನು. ತಡವಾಗಿ ಬೆಳೆಯುವವನು, ಸಣ್ಣ ಊರಿನವನು, ಪ್ರತಿಭೆ ಹುಡುಕುವ ದೊಡ್ಡ ಕ್ಯಾಂಪ್‌ಗಳಿಗೆ ಹೋಗದವನು, ಗಾಯದಿಂದ ಒಂದು ಸೀಸನ್ ಕಳೆದುಕೊಂಡವನು, ತಪ್ಪು ಸ್ಥಾನದಲ್ಲಿ ಆಡಿದವನು ಆ ತಕ್ಕಡಿಗೆ ಸಿಗುವುದಿಲ್ಲ. ಲೇಟನ್ ವಾಂಡರ್ ಎಶ್ ಐಡಾಹೊ ರಾಜ್ಯದ ರಿಗಿನ್ಸ್ ಅನ್ನುವ ಊರಿನವನು. ಊರಲ್ಲಿ ನಾನೂರು ಚಿಲ್ಲರೆ ಜನ. ಹನ್ನೊಂದು ಜನರ ತಂಡ ಕಟ್ಟಲು ಹುಡುಗರು ಸಾಲದೆ ಎಂಟು ಜನರ ಫುಟ್‌ಬಾಲ್ ಆಡುತ್ತಿದ್ದರು. ಬಾಯ್ಸಿ ಸ್ಟೇಟ್‌ಗೆ ಸ್ಕಾಲರ್‌ಶಿಪ್ ಇಲ್ಲದೆ ಹೋದ. 2018ರ ಡ್ರಾಫ್ಟ್‌ನಲ್ಲಿ 19ನೆಯವನಾದ. ಅದೇ ಡ್ರಾಫ್ಟ್‌ನಲ್ಲಿ 7ನೆಯವನಾದ ಜಾಶ್ ಅಲೆನ್‌ನನ್ನು ಹೈಸ್ಕೂಲ್ ಮುಗಿದಾಗ ಮೇಲಿನ ವಿಭಾಗದ ಒಂದು ಕಾಲೇಜೂ ಕರೆದಿರಲಿಲ್ಲ. ರೀಡ್ಲಿ ಅನ್ನುವ ಎರಡು ವರ್ಷದ ಕಾಲೇಜಿಗೆ ಸೇರಿ, ಕೋಚ್‌ಗಳಿಗೆ ತಾನೇ ಇಮೇಲ್ ಕಳಿಸಿ, ಕೊನೆಗೆ ವ್ಯೋಮಿಂಗ್ ತಲುಪಿದ.

ನಿಮ್ಮ ತಂಡದಲ್ಲಿ ಎರಡು-ಮೂರು ಸ್ಟಾರ್ ಇರುವ, ಬೇರೆ ಆಟಗಳನ್ನೂ ಆಡಿದ ಹುಡುಗರ ಪಟ್ಟಿ ಮಾಡಿ. ಬ್ಯಾಸ್ಕೆಟ್‌ಬಾಲ್ ಆಡಿದವನ ಕಾಲು ಹಗುರ. ಕುಸ್ತಿ ಆಡಿದವನಿಗೆ ಎದುರಾಳಿಯ ಭಾರ ಎತ್ತ ವಾಲುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ. ಓಟದ ವಿಷಯಕ್ಕೆ ಬಂದರೆ, ಹೈಸ್ಕೂಲ್‌ನವರು ಹೇಳುವ 40 ಗಜದ ಸಮಯವನ್ನು ನಂಬಬೇಡಿ. ಅದು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಪ್ರೀತಿಯಿಂದ ಅಳೆದದ್ದು. ಅಥ್ಲೆಟಿಕ್ಸ್ ಕೂಟದ 100 ಮೀಟರ್ ಸಮಯ ಸಿಕ್ಕರೆ ಅದನ್ನು ಬರೆದುಕೊಳ್ಳಿ.

ಹಡ್ಲ್ ಅನ್ನುವ ವೆಬ್‌ಸೈಟ್‌ನಲ್ಲಿ ಹುಡುಗರ ಹೈಸ್ಕೂಲ್ ವಿಡಿಯೋ ಸಿಗುತ್ತದೆ. ಅದು ಮದುವೆ ಆಲ್ಬಮ್ ಇದ್ದ ಹಾಗೆ, ಚೆಂದದ್ದು ಮಾತ್ರ ಇರುತ್ತದೆ. ಪೂರ್ತಿ ಪಂದ್ಯದ ವಿಡಿಯೋ ಸಿಕ್ಕರೆ ಚೆಂಡು ತನ್ನ ಕಡೆ ಬರದೇ ಇದ್ದಾಗ ಹುಡುಗ ಏನು ಮಾಡುತ್ತಾನೆ ನೋಡಿ. ನಡೆಯುತ್ತಾನೋ, ಓಡುತ್ತಾನೋ?

ಹಂತ 3: ಕ್ಯಾಂಪ್‌ನ ದಿನಗಳನ್ನು ಬೇರೆ ಬೇರೆಯಾಗಿ ನೋಡಿ

ಮೊದಲ ಕೆಲವು ದಿನ ಬರೀ ಹೆಲ್ಮೆಟ್. ಆಮೇಲೆ ಭುಜದ ಪ್ಯಾಡ್. ಅದಾದ ಮೇಲೆ ಪೂರ್ತಿ ಕವಚ. ಬಿಸಿಲಿಗೆ ಮೈ ಒಗ್ಗಲಿ ಅಂತ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಮಾಡಿದ ನಿಯಮ ಇದು. ದಿನಕ್ಕೆ ಎರಡು ಸಲ ಡಿಕ್ಕಿಯ ಅಭ್ಯಾಸ ಮಾಡಿಸುವ ಹಳೇ ಪದ್ಧತಿ 2017ರಲ್ಲಿ ನಿಂತಿತು. 2021ರಿಂದ ಪೂರ್ತಿ ಸ್ಕ್ರಿಮೇಜ್‌ಗೂ, ಅಂದರೆ ತಂಡದೊಳಗೇ ಆಡುವ ಅಭ್ಯಾಸ ಪಂದ್ಯಕ್ಕೂ, ಮಿತಿ ಬಂತು. ಹಾಗಾಗಿ ಕೋಚ್‌ಗಳಿಗೆ ಸಿಗುವ ನಿಜವಾದ ಪರೀಕ್ಷೆಯ ದಿನಗಳು ಕಡಿಮೆ. ನಿಮಗಂತೂ ಇನ್ನೂ ಕಡಿಮೆ, ಏಕೆಂದರೆ ಬಹಳಷ್ಟು ಅಭ್ಯಾಸಕ್ಕೆ ಹೊರಗಿನವರನ್ನು ಬಿಡುವುದಿಲ್ಲ.

ಹೆಲ್ಮೆಟ್ ಮಾತ್ರ ಇರುವ ದಿನಗಳಲ್ಲಿ ವೇಗವಾಗಿ ಓಡುವ ಪ್ರತಿಯೊಬ್ಬನೂ ಹೀರೋ ಆಗಿ ಕಾಣುತ್ತಾನೆ. ಪ್ಯಾಡ್ ಬಿದ್ದ ದಿನ ಅರ್ಧ ಜನ ಮಾಯ. ಆ ದಿನದ ಟಿಪ್ಪಣಿಗೆ ಬೇರೆ ಬಣ್ಣದ ಪೆನ್ ಬಳಸಿ.

ಹಂತ 4: ಯಾವ ಡ್ರಿಲ್‌ನಲ್ಲಿ ಏನು ನೋಡಬೇಕು

ಇಲ್ಲಿ ನಾನೇ ಒಂದು ಸಲ ಬೇಸ್ತು ಬಿದ್ದಿದ್ದೇನೆ. ಒಂದು ಆಗಸ್ಟ್‌ನಲ್ಲಿ ಒಬ್ಬ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಒಬ್ಬರಿಗೆ ಒಬ್ಬರು ಎದುರಾಗುವ ಡ್ರಿಲ್‌ನಲ್ಲಿ ಸಿಕ್ಕ ಡಿಫೆಂಡರ್‌ನನ್ನೆಲ್ಲ ದಾಟಿಹೋಗುತ್ತಿದ್ದ. ಈ ವರ್ಷದ ತಾರೆ ಇವನೇ ಅಂತ ನೋಟ್‌ಬುಕ್‌ನಲ್ಲಿ ದಪ್ಪಕ್ಷರದಲ್ಲಿ ಬರೆದೆ. ನವೆಂಬರ್ ಬಂತು, ಹುಡುಗ ಬೆಂಚ್ ಮೇಲೇ ಕೂತಿದ್ದ. ಆಮೇಲೆ ಯೋಚಿಸಿದಾಗ ಅರ್ಥವಾಯಿತು. ಆ ಡ್ರಿಲ್‌ನಲ್ಲಿ ರಿಸೀವರ್‌ಗೆ ಇಡೀ ಮೈದಾನ ಖಾಲಿ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ನುಗ್ಗಿ ಬರುತ್ತಿಲ್ಲ. ಚೆಂಡು ಯಾವಾಗ ಬೇಕಾದರೂ ಬರಬಹುದು. ಅಲ್ಲಿ ಡಿಫೆಂಡರ್ ಸೋಲುವುದೇ ಸಹಜ. ಕಬಡ್ಡಿಯಲ್ಲಿ ಸರಪಳಿ ಕಟ್ಟದೆ ಒಬ್ಬನೇ ನಿಂತು ರೈಡರ್‌ನನ್ನು ಹಿಡಿ ಅಂದ ಹಾಗೆ.

ಆದ್ದರಿಂದ ಪ್ರತಿ ಡ್ರಿಲ್‌ನಲ್ಲೂ ಮೊದಲು ಕೇಳಿಕೊಳ್ಳಬೇಕು, ಈ ಡ್ರಿಲ್ ಯಾರ ಪರ? ರಿಸೀವರ್‌ಗೂ ಡಿಫೆಂಡರ್‌ಗೂ ನಡೆಯುವುದು ರಿಸೀವರ್ ಪರ. ಲೈನ್‌ಮನ್‌ಗಳ ಒಬ್ಬರಿಗೊಬ್ಬರ ಡ್ರಿಲ್ ನುಗ್ಗುವವನ ಪರ, ಏಕೆಂದರೆ ತಡೆಯುವವನಿಗೆ ಪಕ್ಕದಲ್ಲಿ ಜೊತೆಗಾರ ಇಲ್ಲ. ಅನುಕೂಲ ಇರುವವನು ಗೆದ್ದರೆ ಅಂಕ ಕೊಡಬೇಡಿ, ಸೋತರೆ ಕಳೆಯಿರಿ. ಅನುಕೂಲ ಇಲ್ಲದವನು ಹತ್ತರಲ್ಲಿ ನಾಲ್ಕು ಗೆದ್ದರೂ ಅವನ ನಂಬರ್ ಬರೆದುಕೊಳ್ಳಿ.

ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಬಣ್ಣದ ಜರ್ಸಿ ಹಾಕಿರುತ್ತಾರೆ. ಅವರನ್ನು ಕೆಡವಬಾರದು ಅಂತ ಗುರುತು ಅದು. ಡಿಫೆಂಡರ್ ಹತ್ತಿರ ಬಂದು ಮುಟ್ಟದೆ ನಿಂತ ಮೇಲೂ ಎಸೆದ ಚೆಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬದಲಿಗೆ ಅವನ ಕಣ್ಣು ಮೊದಲನೇ ರಿಸೀವರ್ ಬಿಟ್ಟು ಎರಡನೆಯವನಿಗೆ, ಮೂರನೆಯವನಿಗೆ ಹೋಗುತ್ತಿದೆಯೇ ನೋಡಿ.

ಲೈನ್‌ಮನ್ ನೋಡುವಾಗ ಚೆಂಡನ್ನು ಮರೆತುಬಿಡಿ. ಅವನ ಮೊದಲ ಹೆಜ್ಜೆ ನೋಡಿ. ಸೊಂಟ ಬಗ್ಗುತ್ತದೆಯೋ, ಬರೀ ಬೆನ್ನು ಬಗ್ಗುತ್ತದೆಯೋ? ಗರಡಿಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಇರುವವನೇ ಎದುರಾಳಿಯನ್ನು ಎತ್ತುವುದು.

ಎಲ್ಲಕ್ಕಿಂತ ಮುಖ್ಯವಾದದ್ದು ಸೋತ ನಂತರದ ಸರದಿ. ಹುಡುಗ ಒಂದು ಸಲ ಪೂರ್ತಿ ಹೊಡೆತ ತಿಂದ. ಐದು ನಿಮಿಷಕ್ಕೆ ಅದೇ ಎದುರಾಳಿ ಮತ್ತೆ ಸಿಗುತ್ತಾನೆ. ಈ ಸಲ ಏನಾದರೂ ಬದಲಿಸಿದನೇ? ಕೈ ಇಡುವ ಜಾಗ, ಕಾಲು, ಏನಾದರೂ? ಬದಲಿಸಿಯೂ ಸೋತರೆ ಪರವಾಗಿಲ್ಲ, ಅವನು ಕಲಿಯುತ್ತಿದ್ದಾನೆ. ಅದೇ ತಪ್ಪನ್ನು ಅದೇ ಥರ ಮೂರು ಸಲ ಮಾಡಿದವನ ಸ್ಟಾರ್ ಎಷ್ಟಿದ್ದರೂ ನನಗೆ ಅನುಮಾನ.

ಚೆಂಡನ್ನು ದೂರ ಒದೆಯುವ ಕಿಕ್‌ಆಫ್, ಪಂಟ್ ಅಭ್ಯಾಸ ಶುರುವಾದಾಗ ಜನ ಎದ್ದು ನೀರು ಕುಡಿಯಲು ಹೋಗುತ್ತಾರೆ. ನೀವು ಏಳಬೇಡಿ. ಮರೆತ ಹುಡುಗರು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ. ವಿಸ್ಕಾನ್ಸಿನ್‌ನ ಜಿಮ್ ಲಿಯನಾರ್ಡ್ ಐದು ಅಡಿ ಎಂಟು ಇಂಚಿನ ವಾಕ್‌ಆನ್, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದವನು. ಟೋನಿ ಅನ್ನುವ ಪುಟ್ಟ ಊರಿನ ಹುಡುಗ. 2002ರ ಸೀಸನ್‌ನಲ್ಲಿ 11 ಚೆಂಡು ಕಸಿದುಕೊಂಡ. ಮುಂದೆ ಡ್ರಾಫ್ಟ್‌ನಲ್ಲಿ ಯಾರೂ ಕರೆಯದಿದ್ದರೂ ಎನ್ಎಫ್ಎಲ್‌ನಲ್ಲಿ ಹತ್ತು ಸೀಸನ್ ಆಡಿದ.

ಹಂತ 5: ಆಗಸ್ಟ್ ತಿಂಗಳ ಮಾತುಗಳನ್ನು ಸೋಸಿ

ಆಗಸ್ಟ್‌ನಲ್ಲಿ ಎಲ್ಲರೂ 'ಜೀವನದ ಅತ್ಯುತ್ತಮ ಫಿಟ್‌ನೆಸ್'ನಲ್ಲಿ ಇರುತ್ತಾರೆ. ಕೋಚ್ ಹೊಗಳಿಕೆಗೆ ಬೆಲೆ ಇಲ್ಲ. ಕೋಚ್ ಏನು ಮಾಡಿದರು ಅನ್ನುವುದಕ್ಕೆ ಬೆಲೆ ಇದೆ. ಹುಡುಗನನ್ನು ಎರಡನೇ ಗುಂಪಿನಿಂದ ಮೊದಲನೇ ಗುಂಪಿಗೆ ತಂದರೇ? ಅವನ ಸ್ಥಾನಕ್ಕೆ ಪೋರ್ಟಲ್‌ನಿಂದ (ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿಯಿಂದ) ಹೊಸಬನನ್ನು ಕರೆಸದೆ ಬಿಟ್ಟರೇ? ಕರೆಸದೇ ಇದ್ದದ್ದೇ ದೊಡ್ಡ ಹೊಗಳಿಕೆ. ಡೆಪ್ತ್ ಚಾರ್ಟ್‌ನಲ್ಲಿ (ಪ್ರತಿ ಸ್ಥಾನಕ್ಕೆ ಯಾರು ಮೊದಲು, ಯಾರು ನಂತರ ಅನ್ನುವ ಪಟ್ಟಿಯಲ್ಲಿ) ಎರಡು ಹೆಸರಿನ ನಡುವೆ 'ಅಥವಾ' ಅಂತ ಇದ್ದರೆ ಪೈಪೋಟಿ ಇನ್ನೂ ಮುಗಿದಿಲ್ಲ, ಇಲ್ಲವೇ ಸೋತವನ ಮನಸ್ಸು ನೋಯಿಸಲು ಕೋಚ್‌ಗೆ ಇಷ್ಟವಿಲ್ಲ.

ಹಂತ 6: ಮರೆತ ಹುಡುಗ ಬೆಳೆಯುವ ದಾರಿ ಗೊತ್ತಿರಲಿ

ಗುರುತಿಸಿದರೆ ಸಾಲದು. ಅವನು ಈಗ ದಾರಿಯ ಯಾವ ಮೈಲಿಗಲ್ಲಿನ ಹತ್ತಿರ ಇದ್ದಾನೆ ಅನ್ನುವುದು ಗೊತ್ತಾಗಬೇಕು.

ಮೊದಲ ವರ್ಷ ಊಟ, ನಿದ್ದೆ, ತೂಕ ಎತ್ತುವುದು. ಸ್ಕೌಟ್ ತಂಡದಲ್ಲಿ ಜಾಗ. ಸ್ಕೌಟ್ ತಂಡ ಅಂದರೆ ಮುಂದಿನ ಎದುರಾಳಿಯ ಆಟವನ್ನು ನಕಲು ಮಾಡಿ ತಮ್ಮವರಿಗೇ ಅಭ್ಯಾಸ ಕೊಡುವ ಗುಂಪು. ಹೊರಗಿನವರಿಗೆ ಇದು ಶಿಕ್ಷೆ ಥರ ಕಾಣುತ್ತದೆ. ನಿಜ ಏನೆಂದರೆ, ಆ ಹುಡುಗನಿಗೆ ದಿನಾ ತಂಡದ ಅತ್ಯುತ್ತಮ ಆಟಗಾರನ ಎದುರು ನಿಲ್ಲುವ ಅವಕಾಶ ಸಿಗುತ್ತದೆ. 2018ರ ನಿಯಮದ ಪ್ರಕಾರ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಅವನಿಗೆ ಕಾಲೇಜಿನಲ್ಲಿ ಆಡಲು ಇರುವ ವರ್ಷಗಳ ಲೆಕ್ಕಕ್ಕೆ ಬರುವುದಿಲ್ಲ. ಇದನ್ನೇ ರೆಡ್‌ಶರ್ಟ್ ಅನ್ನುವುದು.

ಎರಡನೇ, ಮೂರನೇ ವರ್ಷದಲ್ಲಿ ಬರುತ್ತದೆ ನನಗೆ ತುಂಬಾ ಇಷ್ಟವಾದ ಘಟ್ಟ, ಸ್ಥಾನ ಬದಲಾವಣೆ. ಜೆ.ಜೆ.ಯ ತಮ್ಮ ಟಿ.ಜೆ. ವಾಟ್‌ನನ್ನೇ ನೋಡಿ. 2013ರಲ್ಲಿ ಟೈಟ್ ಎಂಡ್ ಆಗಿ ವಿಸ್ಕಾನ್ಸಿನ್‌ಗೆ ಬಂದ. ಮೊದಲ ವರ್ಷ ರೆಡ್‌ಶರ್ಟ್. ಎರಡನೇ ವರ್ಷ ಮಂಡಿ ಗಾಯ. 2015ರಲ್ಲಿ ಹೊರ ಲೈನ್‌ಬ್ಯಾಕರ್ (ಲೈನ್‌ನ ಅಂಚಿನಲ್ಲಿ ನಿಲ್ಲುವ ಡಿಫೆಂಡರ್) ಮಾಡಿದರು. ನಾಲ್ಕನೇ ವರ್ಷ, 2016ರಲ್ಲಿ, 11.5 ಸ್ಯಾಕ್ (ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವುದು). 2017ರ ಡ್ರಾಫ್ಟ್‌ನಲ್ಲಿ 30ನೆಯವ. ಎರಡನೇ ವರ್ಷದ ಕೊನೆಗೆ ಅವನನ್ನು ಅಳೆದಿದ್ದರೆ ನಿಮ್ಮ ನೋಟ್‌ಬುಕ್ ಏನು ಹೇಳುತ್ತಿತ್ತು? ಕನ್ಸಾಸ್ ಸ್ಟೇಟ್‌ಗೆ ವಾಕ್‌ಆನ್ ಆಗಿ ಬಂದ ಜಾರ್ಡಿ ನೆಲ್ಸನ್ ಮೊದಲು ಸೇಫ್ಟಿ, ಅಂದರೆ ಹಿಂದಿನ ಸಾಲಿನ ಡಿಫೆಂಡರ್. ರಿಸೀವರ್ ಮಾಡಿದ ಮೇಲೆ ಬದುಕೇ ಬದಲಾಯಿತು. ಅಯೋವಾದ ಡಲ್ಲಾಸ್ ಕ್ಲಾರ್ಕ್ ವಾಕ್‌ಆನ್ ಲೈನ್‌ಬ್ಯಾಕರ್. ಟೈಟ್ ಎಂಡ್ ಆಗಿ ಬದಲಾಗಿ, 2003ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದ.

ನಿಮ್ಮ ಕಡೆಯಿಂದ ಮಾಡಬೇಕಾದ ಕೆಲಸ ಇಷ್ಟೇ. ರೋಸ್ಟರ್‌ನಲ್ಲಿ ಈ ವರ್ಷ ಸ್ಥಾನ ಬದಲಾದ ಹುಡುಗರನ್ನು ಬೇರೆ ಪುಟಕ್ಕೆ ಬರೆಯಿರಿ. ಬದಲಿಸಿದ್ದು ಯಾಕೆ ಅಂತ ಊಹಿಸಿ. ಆ ಸ್ಥಾನದಲ್ಲಿ ಜನ ಜಾಸ್ತಿ ಆದರು ಅಂತ ತಳ್ಳಿದ್ದು ಒಂದು ಬಗೆ. ಮೈ ಬೆಳೆದು ಹೊಸ ಸ್ಥಾನ ತಾನೇ ಕರೆದದ್ದು ಇನ್ನೊಂದು ಬಗೆ. ಎರಡನೆಯದಕ್ಕೆ ಮಾತ್ರ ಗೆರೆ. ಬದಲಾದ ಮೊದಲ ಆಗಸ್ಟ್‌ನಲ್ಲಿ ತೀರ್ಪು ಕೊಡಬೇಡಿ. ಎರಡನೇ ಆಗಸ್ಟ್‌ವರೆಗೆ ಕಾಯಿರಿ.

ಈಗ ಇಂಡಿಯಾನಾ. ಫುಟ್‌ಬಾಲ್‌ನಲ್ಲಿ ಸೋಲಿಗೇ ಹೆಸರಾದ ಯೂನಿವರ್ಸಿಟಿ ಅದು. 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಆ ವರ್ಷದ ಕೊನೆಗೆ ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು. ತಮ್ಮ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಜೊತೆಗೆ ಕರೆತಂದರು. ಮುಂದೆ ಏನಾದರೂ ಆಗಬಹುದು ಅನ್ನುವವನಿಗಿಂತ ಈಗಾಗಲೇ ಮೈದಾನದಲ್ಲಿ ಮಾಡಿ ತೋರಿಸಿದವನೇ ಸಾಕು ಅನ್ನುವುದು ಅವರ ಲೆಕ್ಕ. ಐದು ಅಡಿ ಒಂಬತ್ತು ಇಂಚಿನ ಡಿಏಂಜೆಲೊ ಪಾಂಡ್ಸ್ ಹಾಗೆ ಬಂದ ಕಾರ್ನರ್‌ಬ್ಯಾಕ್, ಅಂದರೆ ರಿಸೀವರ್‌ಗಳನ್ನು ಕಾಯುವ ಡಿಫೆಂಡರ್. ಅವನನ್ನು ಟೇಪ್ ಹಿಡಿದು ಅಳೆದವರು ಬಿಟ್ಟರು, ಆಟ ನೋಡಿದವರು ಹಿಡಿದರು. 2024ರಲ್ಲಿ ತಂಡ ಲೀಗ್ ಹಂತದಲ್ಲಿ 11 ಗೆದ್ದು ಒಂದು ಸೋತಿತು. 2025ರ ಸೀಸನ್‌ನಲ್ಲಿ ಚಾಂಪಿಯನ್ ಆಯಿತು. ಅದರ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಹೈಸ್ಕೂಲ್‌ನಲ್ಲಿ ಯೇಲ್‌ಗೆ ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದವನು. ಕೊನೆಗೆ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ.

ಇದರ ಇನ್ನೊಂದು ಮುಖವೂ ಇದೆ. ಸಣ್ಣ ಕಾಲೇಜು ಮೂರು ವರ್ಷ ಅನ್ನ ಹಾಕಿ ಬೆಳೆಸಿದ ಹುಡುಗನನ್ನು ದೊಡ್ಡ ಕಾಲೇಜು ಪೋರ್ಟಲ್‌ನಿಂದ ಎತ್ತಿಕೊಂಡು ಹೋಗುತ್ತದೆ. ಆಲ್ಬನಿಯಲ್ಲಿ ಬೆಳೆದ ಜೇರೆಡ್ ವರ್ಸ್ ಫ್ಲೋರಿಡಾ ಸ್ಟೇಟ್‌ಗೆ ಹೋಗಿ 2024ರ ಮೊದಲ ಸುತ್ತಿನಲ್ಲಿ ಆಯ್ಕೆಯಾದ. ಹುಡುಗನಿಗೆ ಒಳ್ಳೆಯದೇ ಆಯಿತು. ಆಲ್ಬನಿ ಕೋಚ್‌ಗೆ? 2025ರಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದಿಂದ ತಂಡದಲ್ಲಿ 105 ಜನರ ಮಿತಿಯೂ ಬಂತು. ಮೊದಲು 85 ಸ್ಕಾಲರ್‌ಶಿಪ್ ಇದ್ದರೂ, ಅದರ ಮೇಲೆ ವಾಕ್‌ಆನ್‌ಗಳನ್ನು ಸೇರಿಸಿ 120 ಜನ ಇರುತ್ತಿದ್ದರು. ಸ್ಕಾಲರ್‌ಶಿಪ್ ಜಾಸ್ತಿ ಆಗಿದ್ದು ಸಂತೋಷವೇ. ಆದರೆ ಹಿಂದಿನ ಸಾಲಿನಲ್ಲಿ ಸುಮ್ನೆ ನಿಂತು ಬೆಳೆಯುವ ಜಾಗ ಕಡಿಮೆಯಾಯಿತು. ಇನ್ನೊಬ್ಬ ಲಿಯನಾರ್ಡ್ ಇವತ್ತು ಬಂದರೆ ಅವನಿಗೆ ಕಾಯಲು ಸಮಯ ಸಿಗುತ್ತದೆಯೇ ಅನ್ನುವುದು ನನ್ನ ಚಿಂತೆ.

ಹಂತ 7: ಬಿಸಿಲು

ನಿಮ್ಮ ಮನೆಯ ಹುಡುಗನೇ ಹೈಸ್ಕೂಲ್ ತಂಡದಲ್ಲಿದ್ದರೆ ಇದನ್ನು ಓದಿ. 2001ರಲ್ಲಿ ಮಿನೆಸೋಟ ವೈಕಿಂಗ್ಸ್‌ನ ಕೋರಿ ಸ್ಟ್ರಿಂಗರ್ ಕ್ಯಾಂಪ್‌ನಲ್ಲಿ ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ ಜಾರ್ಡನ್ ಮೆಕ್‌ನೇರ್, ಹತ್ತೊಂಬತ್ತರ ಹುಡುಗ, ಕ್ಯಾಂಪ್‌ಗೂ ಮೊದಲಿನ ಅಭ್ಯಾಸದಲ್ಲಿ ಇದೇ ಹೊಡೆತಕ್ಕೆ ಸಿಕ್ಕಿ ತೀರಿಕೊಂಡ. ಸ್ಟ್ರಿಂಗರ್ ಹೆಸರಿನ ಸಂಸ್ಥೆ ಕನೆಕ್ಟಿಕಟ್ ಯೂನಿವರ್ಸಿಟಿಯಲ್ಲಿದೆ. ಅವರು ಹೇಳುವುದು: ಮೊದಲು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೈ ತಣ್ಣಗೆ ಮಾಡಿ, ಆಮೇಲೆ ಆಸ್ಪತ್ರೆಗೆ ಸಾಗಿಸಿ.

ಮರೆತ ಹುಡುಗನಿಗೆ ಅಪಾಯ ಜಾಸ್ತಿ. ತಾನು ಗಟ್ಟಿ ಅಂತ ತೋರಿಸಬೇಕಲ್ಲ, ತಲೆ ಸುತ್ತುತ್ತಿದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ. ತಂಡದಲ್ಲಿ ತಣ್ಣೀರಿನ ತೊಟ್ಟಿ ಇದೆಯೇ, ಅಥ್ಲೆಟಿಕ್ ಟ್ರೈನರ್ ಮೈದಾನದಲ್ಲೇ ಇರುತ್ತಾರೆಯೇ ಅಂತ ಮೊದಲ ದಿನವೇ ಕೇಳಿ. ಕೇಳಲು ಸಂಕೋಚ ಬೇಡ.

ಹಂತ 8: ಅಂಕ ಹಾಕಿ, ಆಮೇಲೆ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ

ಕ್ಯಾಂಪ್ ಮುಗಿದ ಮೇಲೆ ಹತ್ತು ಜನರನ್ನು ಆರಿಸಿ. ಒಬ್ಬೊಬ್ಬನಿಗೂ ಮೂರು ಸಾಲು ಸಾಕು. ಕಲ್ಪನೆಯ ಒಂದು ಉದಾಹರಣೆ: '91, ಡಿಫೆನ್ಸ್ ಲೈನ್, ಮೂರನೇ ವರ್ಷ, ವಾಕ್‌ಆನ್. 248ರಿಂದ 271. ಪ್ಯಾಡ್ ಬಿದ್ದ ಮೇಲೂ ಸೊಂಟ ಕೆಳಗೇ ಇದೆ. ಎರಡು ಸಲ ಸೋತು, ಮೂರನೇ ಸಲ ಕೈ ಬದಲಿಸಿದ. ಪಂಟ್ ತಂಡದಲ್ಲಿ ಮೊದಲ ಸಾಲು.' ಕೊನೆಗೆ ಒಂದು ಊಹೆ ಬರೆಯಿರಿ. 'ಅಕ್ಟೋಬರ್ ಹೊತ್ತಿಗೆ ಪಂದ್ಯಕ್ಕೆ ಹದಿನೈದು ಸ್ನ್ಯಾಪ್.' (ಸ್ನ್ಯಾಪ್ ಅಂದರೆ ಚೆಂಡು ಆಟಕ್ಕೆ ಬರುವ ಒಂದೊಂದು ಸರದಿ.) ಊಹೆಯಲ್ಲಿ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಆಮೇಲೆ ನಾವೇ ನಮಗೆ ಮೋಸ ಮಾಡಿಕೊಳ್ಳುತ್ತೇವೆ.

ಆಗಸ್ಟ್ ಕೊನೆಗೆ ತಂಡಗಳು ಒಂದು ವಿಡಿಯೋ ಹಾಕುತ್ತವೆ. ಮೀಟಿಂಗ್ ನಡೆಯುತ್ತಿರುತ್ತದೆ, ಕೋಚ್ ಏನೋ ಬೇರೆ ಮಾತಾಡುತ್ತಾ ಒಬ್ಬ ವಾಕ್‌ಆನ್ ಹೆಸರು ಹೇಳಿ, ನಿನಗೆ ಇವತ್ತಿನಿಂದ ಸ್ಕಾಲರ್‌ಶಿಪ್ ಅನ್ನುತ್ತಾರೆ. ನೂರು ಜನ ಅವನ ಮೇಲೆ ಬೀಳುತ್ತಾರೆ. ಹುಡುಗ ಅಮ್ಮನಿಗೆ ಫೋನ್ ಮಾಡುತ್ತಾನೆ. ನನಗೆ ಪ್ರತಿ ವರ್ಷ ಕಣ್ಣು ಒದ್ದೆಯಾಗುತ್ತದೆ. ಆ ಹುಡುಗ ನಿಮ್ಮ ಹತ್ತರಲ್ಲಿ ಇದ್ದನೇ ನೋಡಿ.

ಸೀಸನ್ ಶುರುವಾದ ಮೇಲೆ ಮೊದಲ ವರ್ಷದ ಹುಡುಗರು ಆಡಿದ ಪಂದ್ಯಗಳನ್ನು ಎಣಿಸುತ್ತಾ ಹೋಗಿ. ನಾಲ್ಕಕ್ಕೆ ನಿಲ್ಲಿಸಿದರೆ ಕೋಚ್ ಅವನನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡಿದ್ದಾರೆ. ಐದನೇ ಪಂದ್ಯಕ್ಕೂ ಇಳಿಸಿದರೆ, ಒಂದು ವರ್ಷವನ್ನೇ ಪಣಕ್ಕಿಟ್ಟು ಅವನನ್ನು ನಂಬಿದ್ದಾರೆ. ಅವತ್ತು ರಾತ್ರಿ ನೋಟ್‌ಬುಕ್ ತೆಗೆದು, ಆಗಸ್ಟ್‌ನಲ್ಲಿ ಅವನ ಬಗ್ಗೆ ನೀವು ಏನು ಬರೆದಿದ್ದಿರಿ ಅಂತ ಓದಿ.